ಸೆಂಟ್‌ಓಎಸ್ 7 ಬಿಟ್ಟು ಎಲ್ಲಿಗೆ ಹೋಗಲಿ? 118 ಗಿರಾಕಿಗಳು, ಹಳೇ ಕನ್ನಡ ಸೈಟುಗಳು

ದೇವಿಕೆರೆ ದಂಡೆ (ಶಿರಸಿ)
16 ಅಕ್ಟೋಬರ್ 2024, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ದಾರಿ ಹೇಳಿ.

ಶಿರಸಿಯಲ್ಲಿ 2011ರಿಂದ ವೆಬ್ ಹೋಸ್ಟಿಂಗ್ ನಡೆಸ್ತಾ ಇದ್ದೇನೆ. ನಾನು ಮತ್ತು ನನ್ನ ತಂಗಿ, ಇಬ್ಬರೇ. ಮುಂಬೈಯ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಸರ್ವರ್, ಅದರ ಮೇಲೆ 118 ಗಿರಾಕಿಗಳು. ಅರ್ಧಕ್ಕರ್ಧ ಗೋಕರ್ಣ, ಹೊನ್ನಾವರ, ಮುರ್ಡೇಶ್ವರ ಕಡೆಯ ಹೋಮ್‌ಸ್ಟೇ, ಲಾಡ್ಜುಗಳು. ಉಳಿದವರು ಇಲ್ಲಿನ ಅಡಿಕೆ ವ್ಯಾಪಾರಸ್ಥರು, ಎರಡು ಶಾಲೆ, ಒಂದು ಯಕ್ಷಗಾನ ಮೇಳ, ಕೆಲವು ದೇವಸ್ಥಾನ. ಇವರಲ್ಲಿ ಯಾರೂ ಕಂಟ್ರೋಲ್ ಪ್ಯಾನೆಲ್ ತೆರೆದು ನೋಡಿದವರಲ್ಲ. ಸೈಟ್ ನಿಂತರೆ ನನಗೆ ಫೋನ್ ಮಾಡ್ತಾರೆ, ನಾನು ಎತ್ತುತ್ತೇನೆ. ನಮ್ಮ ವ್ಯವಹಾರ ನಿಂತದ್ದೇ ಇದರ ಮೇಲೆ.

ಸರ್ವರಿನಲ್ಲಿ ಸೆಂಟ್‌ಓಎಸ್ 7 (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್), ಮೇಲೆ ಸೈಟುಗಳನ್ನು ನೋಡಿಕೊಳ್ಳುವ ಕಂಟ್ರೋಲ್ ಪ್ಯಾನೆಲ್ ವರ್ಚುವಲ್‌ಮಿನ್. ಸೆಂಟ್‌ಓಎಸ್ 7ರ ಆಯುಷ್ಯ, ಅಂದರೆ ಅದಕ್ಕೆ ಅಪ್‌ಡೇಟ್ ಸಿಗುವ ಕಾಲ, 2024ರ ಜೂನ್ 30ಕ್ಕೆ ಮುಗಿಯುತ್ತದೆ ಅಂತ ವರ್ಷಗಳ ಹಿಂದೆಯೇ ಗೊತ್ತಿತ್ತು. ಜುಲೈಯಲ್ಲಿ ಮಳೆ, ಪ್ರವಾಸಿಗರು ಕಡಿಮೆ, ಆಗ ಬದಲಾಯಿಸೋಣ ಅಂತ ಎಲ್ಲ ತಯಾರಿ ಮಾಡಿದ್ದೆ. ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಕರಾವಳಿಯ ನಮ್ಮ ಗಿರಾಕಿಗಳಿಗೆಲ್ಲ ಒಮ್ಮೆಲೇ 'ಈ ದಾರಿಯಲ್ಲಿ ಬರಬೇಡಿ, ಬುಕಿಂಗ್ ದುಡ್ಡು ವಾಪಸ್ ಕೊಡುತ್ತೇವೆ' ಅಂತ ಸೈಟಿನಲ್ಲಿ ಹಾಕಬೇಕಾಗಿತ್ತು. ತಂಗಿ ಎರಡು ದಿನ ಕೂತು ನಲವತ್ತು ಸೈಟಿಗೆ ಸೂಚನೆ ಹಾಕಿದಳು. ಆ ಹೊತ್ತಿನಲ್ಲಿ ಸರ್ವರ್ ಮುಟ್ಟುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಚೌತಿ, ನವರಾತ್ರಿ, ಹೀಗೇ ಅಕ್ಟೋಬರ್ ಬಂತು. ಯಮ್ ಅಪ್‌ಡೇಟ್ ಹೊಡೆದರೆ ಅಪ್‌ಡೇಟ್ ಸಿಗುವ ಜಾಗಗಳ ಪಟ್ಟಿಯೇ (ಮಿರರ್‌ಲಿಸ್ಟ್) ಸಿಗ್ತಾ ಇಲ್ಲ ಅನ್ನುತ್ತದೆ.

ಜುಲೈ 1ಕ್ಕೆ ದೂರದಿಂದ ಸರ್ವರಿಗೆ ಲಾಗಿನ್ ಆಗುವ ಓಪನ್‌ಎಸ್‌ಎಸ್‌ಎಚ್‌ನ ಆ ದೊಡ್ಡ ಭದ್ರತೆಯ ತೂತು ಹೊರಬಿತ್ತಲ್ಲ, ಅದಕ್ಕೆ ನಮ್ಮದು ಸಿಕ್ಕಲಿಲ್ಲ. ಕಾರಣ, ಅದು 8.5ರಿಂದ ಈಚಿನ ಆವೃತ್ತಿಗಳದ್ದು, ಸೆಂಟ್‌ಓಎಸ್ 7ರಲ್ಲಿ ಇರೋದು 7.4. ಹಳತಾದ್ದರಿಂದ ಬಚಾವಾದೆವು. ಮುಂದಿನ ತೂತಿಗೂ ಹೀಗೇ ಆಗ್ತದೆ ಅಂತ ಕೂತುಕೊಳ್ಳಲಿಕ್ಕೆ ಸಾಧ್ಯ ಇಲ್ಲ. ನಮ್ಮನ್ನು ನಂಬಿದವರಿದ್ದಾರೆ.

ಡಿಸೆಂಬರ್ ಸೀಸನ್‌ಗೆ ಮುಂಚೆ ಮುಗಿಸಬೇಕು. ಇರುವ ಸರ್ವರಿನಲ್ಲೇ ಎಲಿವೇಟ್ (ಇದ್ದಲ್ಲೇ ಮೇಲಿನ ಆವೃತ್ತಿಗೆ ಏರಿಸುವ ಸಲಕರಣೆ) ಹಾಕಿ ಆಲ್ಮಾಲಿನಕ್ಸ್‌ಗೆ ಏರಿಸಲೋ, ಹೊಸ ಸರ್ವರ್ ಹಿಡಿದು ಸಾಗಿಸಲೋ? ಸೆಂಟ್‌ಓಎಸ್ ಬದಲಿಗೆ ಆಲ್ಮಾನೋ ರಾಕಿನೋ ಡೆಬಿಯನ್ನೋ?

ನನಗೆ ದೊಡ್ಡ ಹೆದರಿಕೆ ಕನ್ನಡದ್ದು. ಒಬ್ಬರು ನಿವೃತ್ತ ಮಾಸ್ತರರು 2004ರಿಂದ ಈಚಿನ ತಮ್ಮ ಪತ್ರಿಕೆಯ ಹಳೇ ಸಂಚಿಕೆಗಳನ್ನೆಲ್ಲ ನಮ್ಮಲ್ಲಿ ಇಟ್ಟಿದ್ದಾರೆ. 2010ರ ವರೆಗಿನದೆಲ್ಲ ನುಡಿ ಫಾಂಟಿನ ಹಳೇ ಆಸ್ಕಿ ಅಕ್ಷರ, ಯೂನಿಕೋಡ್ ಅಲ್ಲ. ಇನ್ನೊಬ್ಬರು ಅಡಿಕೆ ಮಂಡಿಯವರು. ದಿನಾ ಸಂಜೆ ಧಾರಣೆ ಹಾಕುತ್ತಾರೆ. ಅವರ ಪಟ್ಟಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು ಎಲ್ಲ ಸರಿ ಕಾಣ್ತದೆ. ಕೆಂಪುಗೋಟು ಮಾತ್ರ 'ಕೆಂಪುಗೋಟ' ಅಂತ ಬಂದು ಪಕ್ಕದಲ್ಲಿ ಕಪ್ಪು ವಜ್ರದ ಗುರುತು. ತಟ್ಟಿಬೆಟ್ಟೆಯದೂ ಬಾಲ ಕತ್ತರಿಸಿದ ಹಾಗೆ. ವರ್ಷಗಳಿಂದ ಹಾಗೇ ಇದೆ, ಫೋನಿನ ಫಾಂಟ್ ಸಮಸ್ಯೆ ಅಂದುಕೊಂಡು ಬಿಟ್ಟಿದ್ದೆವು. ಈಗಲೇ ಹೀಗಾದರೆ ಸಾಗಿಸಿದ ಮೇಲೆ ಎಂತಾಗಬಹುದು?

---

ಸದಾಶಿವಗಡ (ಕಾರವಾರ)
17 ಅಕ್ಟೋಬರ್, ಬೆಳಿಗ್ಗೆ 7:15

ಶಿರಸಿಯವರೆ, ಮೊದಲನೇ ಮಾತು: ಇದ್ದ ಸರ್ವರಿನಲ್ಲೇ ಏರಿಸಬೇಡಿ. ಎಲಿವೇಟ್ ಕೆಟ್ಟದ್ದು ಅಂತಲ್ಲ, ಒಂಟಿ ಕೆಲಸದ ಸರ್ವರಿಗೆ ನಾನೇ ಬಳಸಿದ್ದೇನೆ. ಆದರೆ ಅದು 7ರಿಂದ 8ಕ್ಕೆ ಒಂದು ಸಲ, 8ರಿಂದ 9ಕ್ಕೆ ಇನ್ನೊಂದು ಸಲ ಜಿಗಿಯಬೇಕು. ಹೊರಗಿನ ರೆಪೊದಿಂದ (ಸಾಫ್ಟ್‌ವೇರ್ ಭಂಡಾರದಿಂದ) ಹಾಕಿದ ಪಿಎಚ್‌ಪಿ (ಸೈಟುಗಳನ್ನು ಬರೆದ ಭಾಷೆ), ಕೈಯಾರೆ ತಿದ್ದಿದ ಸೆಟ್ಟಿಂಗ್ ಫೈಲು (ಕಾನ್ಫಿಗ್) ಇರುವ ಕಡೆ ನಡುದಾರಿಯಲ್ಲಿ ನಿಂತರೆ 118 ಜನರ ಸೈಟೂ ಒಟ್ಟಿಗೇ ನಿಲ್ಲುತ್ತದೆ. ಮುಂಬೈಯಲ್ಲಿರುವ ಯಂತ್ರ ರೀಬೂಟ್ ಆಗದೇ ಕೂತರೆ ಶಿರಸಿಯಲ್ಲಿ ಕೂತು ನೀವೇನು ಮಾಡುತ್ತೀರಿ?

ಹೊಸ ಸರ್ವರ್ ಹಿಡಿಯಿರಿ. ಒಂದೂವರೆ ತಿಂಗಳು ಎರಡಕ್ಕೂ ಬಾಡಿಗೆ ಕೊಡಬೇಕಾಗ್ತದೆ, ಕೊಡಿ. ಹತ್ತು ಹತ್ತು ಸೈಟು ಸಾಗಿಸಿ. ತಪ್ಪಿದರೆ ಡಿಎನ್ಎಸ್ (ಸೈಟಿನ ಹೆಸರಿಗೆ ಸರ್ವರಿನ ವಿಳಾಸ ಹೇಳುವ ದಾಖಲೆ) ತಿರುಗಿಸಿ ಹಳೇ ಮನೆಗೆ ವಾಪಸ್.

ಆಲ್ಮಾ, ರಾಕಿ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. 2020ರ ಡಿಸೆಂಬರ್ 8ರಂದು ಸೆಂಟ್‌ಓಎಸ್ 8 ಇನ್ನೊಂದೇ ವರ್ಷ ಅಂತ ಘೋಷಣೆ ಬಂದದ್ದು ನೆನಪಿರಬೇಕು. 2029ರವರೆಗೆ ಇದೆ ಅಂತ ನಂಬಿ ನಾನು ಆಗಷ್ಟೇ 11 ಸರ್ವರನ್ನು 8ಕ್ಕೆ ಹಾಕಿದ್ದೆ. 2021ರ ಕೊನೆಗೆ ಮುಗಿಯಿತು. ನೀವು 7ರಲ್ಲೇ ಉಳಿದದ್ದು ಆಗ ಪುಣ್ಯವೇ. ಆ ಘೋಷಣೆಯ ಬೆನ್ನಿಗೇ ಹುಟ್ಟಿದ್ದು ಈ ಎರಡೂ. ಆಲ್ಮಾ 2021ರ ಮಾರ್ಚಿನಲ್ಲಿ ಬಂತು, ರಾಕಿ ಜೂನಿನಲ್ಲಿ. ರಾಕಿಯನ್ನು ಶುರುಮಾಡಿದ ಗ್ರೆಗರಿ ಕರ್ಟ್ಜರ್ ಸೆಂಟ್‌ಓಎಸ್ ಕಟ್ಟಿದವರಲ್ಲಿ ಒಬ್ಬರು. ತೀರಿಹೋದ ಜೊತೆಗಾರನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ನಾನು ಆಲ್ಮಾ 9 ಹಾಕಿದ್ದೇನೆ, 2032ರವರೆಗೆ ಭದ್ರತೆಯ ಅಪ್‌ಡೇಟ್ ಇದೆ. 8 ಹಾಕಬೇಡಿ, 2029ಕ್ಕೆ ಮತ್ತೆ ಇದೇ ಕಥೆ.

ಸಾಗಿಸುವಾಗ ಒಂದು ನೋಡಿಕೊಳ್ಳಿ. ನಿಮ್ಮ ಮೊದಲಿನ ಖಾತೆಗಳು ಸೆಂಟ್‌ಓಎಸ್ 6ರ ಕಾಲದವಾದರೆ ಯುಐಡಿ (ಬಳಕೆದಾರನ ಸಂಖ್ಯೆ) 500ರಿಂದ ಶುರುವಾಗಿರುತ್ತದೆ. 7ರಿಂದ ಈಚೆ 1000ದಿಂದ. ಆರ್‌ಸಿಂಕ್‌ನಲ್ಲಿ ಫೈಲು ನಕಲು ಮಾಡುವಾಗ ನ್ಯೂಮರಿಕ್ ಐಡಿ ಆಯ್ಕೆ ಹಾಕಬೇಡಿ, ಹೆಸರಿನ ಮೇಲೇ ಹೋಗಲಿ. ನಾನು ಒಮ್ಮೆ ಹಾಕಿದ್ದರಿಂದ ಒಬ್ಬರ ಮೇಲ್ ಪೆಟ್ಟಿಗೆ ಇನ್ನೊಬ್ಬರ ಹೆಸರಿಗೆ ಬಿದ್ದಿತ್ತು. ಅವತ್ತು ಊಟ ಸೇರಲಿಲ್ಲ.

ಕನ್ನಡದ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಅಘನಾಶಿನಿ ಅಕ್ಕ ಬಂದರೆ ಹೇಳುತ್ತಾರೆ.

---

ಬನವಾಸಿ ಬೈಲು
17 ಅಕ್ಟೋಬರ್, ಬೆಳಿಗ್ಗೆ 9:50

ಡೆಬಿಯನ್ 12 ಹಾಕಿ ಅಣ್ಣ. ಒಂದು ಕಂಪನಿಯ ಮರ್ಜಿಯಲ್ಲಿ ಇರೋದನ್ನು ಬಿಟ್ಟು ಇನ್ನೊಂದು ಕಂಪನಿಯ ಬೆನ್ನಿಗೆ ಹೋಗೋದು ಯಾಕೆ? 2023ರ ಜೂನಿನಲ್ಲಿ ಸೆಂಟ್‌ಓಎಸ್ ಹಿಂದಿರುವ ಕಂಪನಿ ರೆಡ್‌ಹ್ಯಾಟ್ ಸೋರ್ಸ್ ಕೋಡ್ ಕೊಡುವ ರೀತಿ ಬದಲಿಸಿದಾಗ ಆಲ್ಮಾ, ರಾಕಿ ಎರಡಕ್ಕೂ ದಾರಿ ಬದಲಿಸಬೇಕಾಯಿತು. ಡೆಬಿಯನ್‌ಗೆ ಒಡೆಯರಿಲ್ಲ, 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ. ವರ್ಚುವಲ್‌ಮಿನ್ ಅದರ ಮೇಲೂ ಚೆನ್ನಾಗಿ ಓಡ್ತದೆ. ಐದು ವರ್ಷಕ್ಕೊಮ್ಮೆ ಹೊಸ ಸರ್ವರ್ ಹಿಡಿಯುವ ಗೋಜೂ ಇಲ್ಲ. 9ರಿಂದ 12ರವರೆಗೆ ಒಂದೇ ಯಂತ್ರದಲ್ಲಿ ಏರಿಸಿಕೊಂಡು ಬಂದಿದ್ದೇನೆ, ಒಂದು ಸಲವೂ ನಿಂತಿಲ್ಲ.

---

ದೇವಿಕೆರೆ ದಂಡೆ (ಶಿರಸಿ)
17 ಅಕ್ಟೋಬರ್, ರಾತ್ರಿ 9:20

ಇಬ್ಬರಿಗೂ ಧನ್ಯವಾದ. ಬನವಾಸಿಯವರೆ, ನೀವು ಹೇಳಿದ್ದರಲ್ಲಿ ಸತ್ಯ ಇದೆ, ಇವತ್ತು ಇಡೀ ದಿನ ಅದನ್ನೇ ಯೋಚಿಸಿದೆ. ಹೊಸದಾಗಿ ಶುರು ಮಾಡುವವನಾಗಿದ್ದರೆ ಡೆಬಿಯನ್ನೇ ಹಿಡಿಯುತ್ತಿದ್ದೆ. ಆದರೆ ಹದಿಮೂರು ವರ್ಷ ಬರೆದ ಸ್ಕ್ರಿಪ್ಟುಗಳೆಲ್ಲ ಈ ಕಡೆಯ ಹಾದಿಗಳನ್ನು ನಂಬಿಕೊಂಡಿವೆ. ಡೆಬಿಯನ್‌ನಲ್ಲಿ ಅಪಾಚೆ (ಪುಟ ಕಳಿಸುವ ತಂತ್ರಾಂಶ) ಇರುವ ಜಾಗ ಬೇರೆ, ಅದರ ಬಳಕೆದಾರನ ಹೆಸರು ಬೇರೆ, ಲಾಗ್ ಬೇರೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದಾಗ ಕೈ ತಾನಾಗಿ ಎಲ್ಲಿಗೆ ಹೋಗ್ತದೋ ಅಲ್ಲೇ ಫೈಲು ಸಿಗಬೇಕು. ನನ್ನಷ್ಟೇ ಅಲ್ಲ, ತಂಗಿಯ ಕೈಗೂ ಅದೇ ರೂಢಿ. ಒಂದೇ ಸಲಕ್ಕೆ ಯಂತ್ರವನ್ನೂ ರೂಢಿಯನ್ನೂ ಬದಲಿಸುವ ಶಕ್ತಿ ನಮ್ಮಿಬ್ಬರಿಗಿಲ್ಲ.

ಹಾಗಾಗಿ ಆಲ್ಮಾ 9, ಹೊಸ ಸರ್ವರ್. ಇದು ನಿಕ್ಕಿ.

ಇನ್ನು ಪಿಎಚ್‌ಪಿ. ಹಳೇ ಸರ್ವರಿನಲ್ಲಿ 5.4. ರೆಮಿ ರೆಪೊದಲ್ಲಿ ಆಲ್ಮಾ 9ಕ್ಕೆ ಸಿಗುವುದು 7.4ರಿಂದ ಮೇಲಿನದು. ಡೇಟಾಬೇಸ್ ಮಾತಾಡಿಸುವ ಹಳೇ ಮೈಎಸ್‌ಕ್ಯುಎಲ್ ಫಂಕ್ಷನ್‌ಗಳನ್ನು 7.0ರಲ್ಲೇ ತೆಗೆದುಹಾಕಿದ್ದಾರೆ. ಗ್ರೆಪ್ ಹೊಡೆದು ನೋಡಿದೆ, ನಮ್ಮಲ್ಲಿ 19 ಸೈಟು ಇನ್ನೂ ಅದನ್ನೇ ಬಳಸುತ್ತವೆ. ಅಷ್ಟನ್ನೂ ತಂಗಿ ಹೊಸದಕ್ಕೆ ತಿದ್ದುತ್ತೇನೆ ಅಂದಿದ್ದಾಳೆ.

---

ಅಘನಾಶಿನಿ (ಕುಮಟಾ, ಈಗ ಬೆಂಗಳೂರು)
18 ಅಕ್ಟೋಬರ್, ರಾತ್ರಿ 11:05

ದೇವಿಕೆರೆಯವರೆ, ನಿಮ್ಮ ಕೆಂಪುಗೋಟು ಓದಿದ ಕೂಡಲೇ ಕಾರಣ ಹೊಳೆಯಿತು. ಅದು ಫಾಂಟಿನದ್ದಲ್ಲ.

ಆ ಡೇಟಾಬೇಸ್ ಲ್ಯಾಟಿನ್1ರಲ್ಲಿ (ಇಂಗ್ಲಿಷ್, ಯುರೋಪಿನ ಅಕ್ಷರಗಳ ಹಳೇ ಸಂಕೇತ ಪದ್ಧತಿ) ಇರಬೇಕು. ಸೆಂಟ್‌ಓಎಸ್ 7ರ ಹಳೇ ಡೇಟಾಬೇಸ್ ತಂತ್ರಾಂಶ ಮಾರಿಯಾಡಿಬಿ 5.5ರಲ್ಲಿ ಅದೇ ಡೀಫಾಲ್ಟ್. ಸೈಟು ಕಳಿಸೋದು ಯೂನಿಕೋಡ್ ಕನ್ನಡ, ಡೇಟಾಬೇಸ್ ಅದನ್ನು ಒಂದೊಂದು ಬೈಟಿಗೆ ಒಂದೊಂದು ಅಕ್ಷರ ಅಂತ ತಿಳಿದು ಇಟ್ಟುಕೊಳ್ಳುತ್ತದೆ. ಓದುವಾಗ ಅದೇ ಬೈಟುಗಳನ್ನು ಹಾಗೇ ಹಿಂದಕ್ಕೆ ಕೊಡುವುದರಿಂದ ಸರಿ ಕಾಣ್ತದೆ. ಇಬ್ಬರೂ ಒಂದೇ ತಪ್ಪು ಮಾಡಿದ್ದರಿಂದ ತಪ್ಪು ಗೊತ್ತಾಗಲಿಲ್ಲ.

ಈಗ ಎಣಿಸಿ. ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಗುಣಿತದ ಚಿಹ್ನೆಯೂ ಬೇರೆ ಸಂಕೇತ, ಅದಕ್ಕೂ 3. ಕ, ಎತ್ವ, ಸೊನ್ನೆ, ಪ, ಉಕಾರ, ಗ, ಓತ್ವ, ಟ, ಉಕಾರ. ಒಟ್ಟು 9, ಅಂದರೆ 27 ಬೈಟು. ಅಡಿಕೆ ಜಾತಿಯ ಕಾಲಮ್ಮಿಗೆ ಯಾರೋ 25 ಅಂತ ಅಳತೆ ಕೊಟ್ಟಿದ್ದಾರೆ, ಪಂಥ ಬೇಕಾದರೆ ಕಟ್ಟುತ್ತೇನೆ. 24 ಬೈಟಿಗೆ 'ಕೆಂಪುಗೋಟ' ಮುಗಿಯುತ್ತದೆ. 25ನೇ ಬೈಟು ಕೊನೆಯ ಉಕಾರದ ಮೊದಲನೇ ತುಂಡು, ಉಳಿದ ಎರಡು ತುಂಡಿಗೆ ಜಾಗ ಇಲ್ಲ. ಆ ಒಂಟಿ ತುಂಡೇ ನಿಮ್ಮ ಕಪ್ಪು ವಜ್ರ. ಬಿಳೇಗೋಟು ಸರಿಯಾಗಿ 8 ಸಂಕೇತ, 24 ಬೈಟು, ಕೂದಲೆಳೆಯಲ್ಲಿ ಪಾರಾಗಿದೆ. ರಾಶಿ, ಚಾಲಿ 12ರಲ್ಲೇ ಮುಗಿಯುತ್ತವೆ. ತಟ್ಟಿಬೆಟ್ಟೆಗೆ 33 ಬೇಕು.

ಸಾಗಿಸುವಾಗ ಎರಡು ಕಡೆ ಪೆಟ್ಟು ಬೀಳುತ್ತದೆ. ಹೊಸ ಸರ್ವರಿಗೆ ನೀವು ಹೇಗೂ ಯುಟಿಎಫ್8ಎಂಬಿ4 (ಡೇಟಾಬೇಸಿನಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರುವ ಹೆಸರು) ಡೀಫಾಲ್ಟ್ ಇಡುತ್ತೀರಿ. ಹಳೇ ಕೋಡು ತನ್ನ ಅಕ್ಷರಸಂಕೇತ ಯಾವುದು ಅಂತ ಹೇಳದೇ ಹೋದರೆ, ಸರ್ವರ್ ಆ ಬೈಟುಗಳನ್ನು ಲ್ಯಾಟಿನ್ ಅಂತ ನಂಬಿ ಇನ್ನೊಮ್ಮೆ ಯುಟಿಎಫ್‌ಗೆ ತಿರುಗಿಸುತ್ತದೆ. ಆಗ ಪುಟದ ತುಂಬ ತಲೆಮೇಲೆ ಗೀಟಿರುವ 'ಎ'ಗಳು, ಚಿಕ್ಕ ಎರಡು ಮೂರು ಅಂಕಿಗಳು. ನೋಡಿದವರಿಗೆ ಗೊತ್ತಿರ್ತದೆ. ಎರಡನೇದು, ಹಳೇದು ಉದ್ದ ಹೆಚ್ಚಾದರೆ ಸುಮ್ಮನೆ ಕತ್ತರಿಸಿ ಇಟ್ಟುಕೊಳ್ಳುತ್ತಿತ್ತು. ಮಾರಿಯಾಡಿಬಿ 10.2ರಿಂದ ಈಚೆ ಕಟ್ಟುನಿಟ್ಟು ಮೋಡೇ ಡೀಫಾಲ್ಟ್, ಎರರ್ ಕೊಟ್ಟು ನಿಲ್ಲಿಸುತ್ತದೆ. ಅಂದರೆ ಮಂಡಿಯವರು ಸಂಜೆ ಧಾರಣೆ ಹಾಕಲಿಕ್ಕೇ ಆಗದು.

ಮಾಡಬೇಕಾದ್ದು ಇಷ್ಟು. ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆಯುವಾಗ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅಂತಲೇ ಕೊಡಿ, ಸೆಟ್ ನೇಮ್ಸ್ ಸಾಲು ಬರೆಯದ ಹಾಗೆ ಸ್ಕಿಪ್ ಸೆಟ್ ಚಾರ್‌ಸೆಟ್ ಸೇರಿಸಿ. ಆಗ ಬೈಟುಗಳು ಯಾವ ತಿರುಗಾಟವೂ ಇಲ್ಲದೆ ಹೊರಗೆ ಬರುತ್ತವೆ. ಡಂಪ್ ಫೈಲನ್ನು ಎಡಿಟರಿನಲ್ಲಿ ತೆರೆದು ನೋಡಿ, ಕನ್ನಡ ಕನ್ನಡವಾಗೇ ಕಾಣಬೇಕು. ಕಂಡರೆ ಟೇಬಲ್ ವಿವರಣೆಯಲ್ಲಿರುವ ಲ್ಯಾಟಿನ್1 ಎಲ್ಲವನ್ನೂ ಯುಟಿಎಫ್8ಎಂಬಿ4 ಮಾಡಿ, ಹೊಸ ಕಡೆ ಯುಟಿಎಫ್8ಎಂಬಿ4 ಅಂತಲೇ ಏರಿಸಿ. ಅಲ್ಲಿಂದ ಮುಂದೆ 25 ಅಂದರೆ 25 ಬೈಟಲ್ಲ, 25 ಸಂಕೇತ. ಕೆಂಪುಗೋಟು ಆರಾಮಾಗಿ ಕೂರ್ತದೆ.

ಕತ್ತರಿಸಿದ ತುಂಡುಗಳು ಇರುವ ಸಾಲಿಗೆ ಏರಿಸುವಾಗ 1366 ಅಂತ ಎರರ್ ಬರುತ್ತದೆ. ಅಕ್ಷರಸಂಕೇತ ಬದಲಿಸುವ ಐಕಾನ್ವ್‌ಗೆ -c ಆಯ್ಕೆ ಕೊಟ್ಟು ಹಾಕಿದರೆ ಅದು ಹಾಳು ಬೈಟುಗಳನ್ನು ಕಿತ್ತುಹಾಕುತ್ತದೆ, ಆದರೆ ಎಲ್ಲೆಲ್ಲಿ ಕಿತ್ತಿತು ಅಂತ ಹೇಳುವುದಿಲ್ಲ. ಮೊದಲಿನದಕ್ಕೂ ಆಮೇಲಿನದಕ್ಕೂ ಡಿಫ್ ಹಾಕಿ (ವ್ಯತ್ಯಾಸ ತೆಗೆದು) ಪಟ್ಟಿ ಮಾಡಿಕೊಳ್ಳಿ. ಆ ಪಟ್ಟಿಯನ್ನು ಗಿರಾಕಿಗೆ ತೋರಿಸಿ. ಕಳೆದುಹೋದ ಅಕ್ಷರ ಯಾವುದು ಅಂತ ಗೊತ್ತಿರೋದು ಅವರಿಗೆ ಮಾತ್ರ. ಹಳೇ ಮೈಐಸ್ಯಾಮ್ ಬಗೆಯ ಟೇಬಲ್ಲುಗಳಿದ್ದರೆ 1071 ಅಂತಲೂ ಬರಬಹುದು. ಅದರ ಕೀಲಿಗೆ (ಇಂಡೆಕ್ಸಿಗೆ) 1000 ಬೈಟಿನ ಮಿತಿ, 255 ಅಕ್ಷರಕ್ಕೆ ನಾಲ್ಕರಂತೆ 1020 ಆಗ್ತದೆ. ಇನ್ನೋಡಿಬಿಗೆ ಬದಲಿಸಿ.

ಮಾಸ್ತರರ ನುಡಿ ಪುಟಗಳನ್ನು ದಯವಿಟ್ಟು ಈ ಸ್ಕ್ರಿಪ್ಟಿಗೆ ಕೊಡಬೇಡಿ. ಅದು ಬೇರೆಯೇ ಜಾತಿ. ಅಲ್ಲಿ ಬೈಟುಗಳು ನಿಜಕ್ಕೂ ಲ್ಯಾಟಿನ್ ಜಾಗದಲ್ಲೇ ಇವೆ, ಫಾಂಟು ಮಾತ್ರ ಅವಕ್ಕೆ ಕನ್ನಡದ ರೂಪ ಕೊಡ್ತದೆ. ಅವನ್ನು ಇದ್ದ ಹಾಗೇ ಸಾಗಿಸಿ. ಯೂನಿಕೋಡಿಗೆ ತಿರುಗಿಸೋದು ಆಮೇಲಿನ ಕೆಲಸ, ಸಾವಕಾಶ ಮಾಡಬೇಕಾದ್ದು. ನುಡಿಯಲ್ಲಿ ಕಣ್ಣಿಗೆ ಕಂಡ ಕ್ರಮದಲ್ಲಿ ಅಕ್ಷರ ಇರ್ತದೆ. ನಮ್ಮ ಹೊನ್ನಾವರದ ಕರ್ಕಿಯನ್ನೇ ತೆಗೆದುಕೊಳ್ಳಿ: ಅಲ್ಲಿ ಕ, ಕಿ, ಕೊನೆಗೆ ಅರ್ಕಾವತ್ತು. ಯೂನಿಕೋಡಿನಲ್ಲಿ ಆ ರಕಾರ ನಡುವೆ ಬರಬೇಕು. ಬರೀ ಅಕ್ಷರಕ್ಕೆ ಅಕ್ಷರ ಬದಲಿಸುವ ಸ್ಕ್ರಿಪ್ಟು ಅರ್ಕಾವತ್ತು ಇದ್ದಲ್ಲೆಲ್ಲ ಎಡವುತ್ತದೆ. ನನ್ನ ಹತ್ತಿರ ಒಂದು ಇದೆ, ಬೇಕಾದಾಗ ಕೇಳಿ.

---

ಶರಾವತಿ ದಡ (ಹೊನ್ನಾವರ)
19 ಅಕ್ಟೋಬರ್, ಮಧ್ಯಾಹ್ನ 1:30

ನಾನು ಸರ್ವರಿನವನಲ್ಲ, ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುವವನು. ಗಿರಾಕಿಯ ಕಡೆಯಿಂದ ಒಂದು ಮಾತು ಹೇಳ್ತೇನೆ. ಎರಡು ವರ್ಷದ ಹಿಂದೆ ನಮ್ಮ ಹೋಸ್ಟಿಂಗಿನವರು ಹೀಗೇ ಸರ್ವರ್ ಬದಲಿಸಿದರು, ಹೇಳಲೇ ಇಲ್ಲ. ಸೈಟು ಸರಿ ಇತ್ತು. ಮೂರು ದಿನದ ಮೇಲ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಪುಣೆಯಿಂದ ಒಂದು ಕುಟುಂಬ ಬುಕ್ ಮಾಡಿದ್ದೇವೆ ಅಂತ ರಾತ್ರಿ ಒಂಬತ್ತಕ್ಕೆ ಮನೆ ಬಾಗಿಲಿಗೆ ಬಂದು ನಿಂತಾಗ ನಮ್ಮಲ್ಲಿ ಕೋಣೆ ಖಾಲಿ ಇರಲಿಲ್ಲ. ಚಿಕ್ಕ ಮಕ್ಕಳಿದ್ದರು. ನಾವು ಒಳಗೆ ಚಾವಡಿಯಲ್ಲಿ ಮಲಗಿ ನಮ್ಮ ಕೋಣೆ ಬಿಟ್ಟುಕೊಟ್ಟೆವು.

ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮೊದಲೇ ಫೋನ್ ಮಾಡಿ ಹೇಳಿ. ನಮಗೆ ಅಷ್ಟು ಸಾಕು.

---

ಸದಾಶಿವಗಡ (ಕಾರವಾರ)
19 ಅಕ್ಟೋಬರ್, ಸಂಜೆ 6:00

ಹೊನ್ನಾವರದವರ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಮೇಲ್ ಕಳೆಯೋದು ಎಲ್ಲಿ ಅಂದರೆ, ಡಿಎನ್ಎಸ್ ಬದಲಿಸಿದ ಮೇಲೂ ಹಳೇ ವಿಳಾಸ ನೆನಪಿಟ್ಟುಕೊಂಡವರು ಹಳೇ ಸರ್ವರಿಗೇ ಕಳಿಸುತ್ತಿರುತ್ತಾರೆ, ಅದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಎರಡು ದಿನ ಮೊದಲೇ ಟಿಟಿಎಲ್ (ವಿಳಾಸ ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಬದಲಿಸಿದ ಗಳಿಗೆಯಲ್ಲಿ ಹಳೇ ಸರ್ವರಿನಲ್ಲಿ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸಿಗೆ ಆ ಡೊಮೇನ್ ನಿನ್ನದಲ್ಲ, ಬಂದದ್ದನ್ನು ಹೊಸದಕ್ಕೆ ದಾಟಿಸು ಅಂತ ಹೇಳಿ. ಅಲ್ಲಿಗೆ ಒಂದೂ ಕಳೆಯುವುದಿಲ್ಲ.

ಮೇಲ್ ಪೆಟ್ಟಿಗೆಯನ್ನು ಆರ್‌ಸಿಂಕಿನಲ್ಲೇ ಒಯ್ಯಿರಿ, ಡೋವ್‌ಕಾಟಿನ (ಮೇಲ್ ಪೆಟ್ಟಿಗೆ ತೆರೆದು ಕೊಡುವ ತಂತ್ರಾಂಶ) ಯುಐಡಿಲಿಸ್ಟ್ ಫೈಲು ಸಮೇತ. ಐಮ್ಯಾಪ್‌ಸಿಂಕಿನಲ್ಲಿ ಒಯ್ದರೆ ಗುರುತಿನ ಸಂಖ್ಯೆಗಳು ಹೊಸದಾಗುತ್ತವೆ. ಪಾಪ್ ಬಳಸುವವರ ಔಟ್‌ಲುಕ್ ಹಳೇದೆಲ್ಲ ಹೊಸ ಮೇಲ್ ಅಂತ ತಿಳಿದು ಮೊದಲಿಂದ ಇಳಿಸಲಿಕ್ಕೆ ಶುರು ಮಾಡುತ್ತದೆ.

ಹೊಸ ಐಪಿಗೆ ಪಿಟಿಆರ್ (ಐಪಿಯಿಂದ ಹೆಸರು ಹೇಳುವ ದಾಖಲೆ) ಹಾಕಿಸುವ ಅರ್ಜಿಯನ್ನು ಸರ್ವರ್ ಹಿಡಿದ ದಿನವೇ ಕೊಡಿ. ಎಸ್‌ಪಿಎಫ್‌ನಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರುಗಳ ಪಟ್ಟಿ) ಹಳೇದು, ಹೊಸದು ಎರಡೂ ಇರಲಿ. ಮೇಲಿಗೆ ಸಹಿ ಹಾಕುವ ಡಿಕೆಐಎಂ ಕೀಲಿಗಳನ್ನು ಹಳೇದರಿಂದಲೇ ತನ್ನಿ.

---

ದೇವಿಕೆರೆ ದಂಡೆ (ಶಿರಸಿ)
24 ನವೆಂಬರ್, ಬೆಳಿಗ್ಗೆ 11:30

ಆಯಿತು. 118ರಲ್ಲಿ 117 ಹೊಸ ಸರ್ವರಿಗೆ ಬಂದಿವೆ. ಒಂದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ. ಮುಂದೆ ಯಾರಾದರೂ ಹುಡುಕಿಕೊಂಡು ಬಂದರೆ ಉಪಯೋಗ ಆಗಲಿ ಅಂತ ನಡೆದದ್ದೆಲ್ಲ ಹೇಳ್ತೇನೆ.

ಅಘನಾಶಿನಿ ಅಕ್ಕ, ಕಾಲಮ್ಮಿನ ಅಳತೆ 25 ಇತ್ತು. ಟೇಬಲ್ ತೆರೆದು ಆ ಅಂಕಿ ನೋಡಿದಾಗ ತಂಗಿಯನ್ನು ಕರೆದು ತೋರಿಸಿದೆ. ಅಳತೆ ಕೊಟ್ಟವನು ನಾನೇ, 2013ರಲ್ಲಿ. ಡಂಪ್ ತೆಗೆದು, ತಿದ್ದಿ, ಏರಿಸಿದೆವು. ಡಿಫ್‌ನಲ್ಲಿ 212 ಸಾಲು ಬಂತು. ಹೆಚ್ಚಿನವು ಕೆಂಪುಗೋಟು, ತಟ್ಟಿಬೆಟ್ಟೆ. ಕೆಲವು ಮಾತ್ರ ರೈತರ ಊರಿನ ಹೆಸರುಗಳು, ಬಾಲ ಇಲ್ಲದವು. ಅದನ್ನು ಮುದ್ರಿಸಿಕೊಂಡು ಮಂಡಿಗೆ ಹೋದೆ. ಅಲ್ಲಿನ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ, ಪೆನ್ನು ಹಿಡಿದು, ಒಂದೊಂದೇ ಊರಿನ ಹೆಸರು ಪೂರ್ತಿ ಮಾಡಿಕೊಟ್ಟರು. ಒಂದಕ್ಕೂ ತಡವರಿಸಲಿಲ್ಲ. ನಡುವೆ ಒಮ್ಮೆ 'ಇವರು ತೀರಿಹೋಗಿ ನಾಲ್ಕು ವರ್ಷ ಆಯ್ತು' ಅಂದು, ಆ ಹೆಸರನ್ನೂ ಸರಿಮಾಡಿಯೇ ಮುಂದಿನ ಸಾಲಿಗೆ ಹೋದರು.

ನವೆಂಬರ್ 16ರ ಶನಿವಾರ ರಾತ್ರಿ ಕೊನೆಯ ಮೂವತ್ತು ಸೈಟು ಸಾಗಿಸಿದ್ದು. ಭಾನುವಾರ ವ್ಯಾಪಾರ ಇಲ್ಲ ಅಂತ ಆ ದಿನ ಆರಿಸಿದ್ದೆವು. ಹೊನ್ನಾವರದವರು ಹೇಳಿದಂತೆ ಎಲ್ಲರಿಗೂ ಒಂದು ವಾರ ಮೊದಲು ಒಮ್ಮೆ, ಆ ದಿನ ಸಂಜೆ ಒಮ್ಮೆ ಫೋನ್ ಮಾಡಿದೆವು. ಫೋನಿಗೇ ಎರಡು ದಿನ ಹೋಯಿತು. ಮೇಲ್ ಒಂದೂ ಕಳೆದಿಲ್ಲ. ಹಳೇ ಪೋಸ್ಟ್‌ಫಿಕ್ಸ್ ಭಾನುವಾರ ಮಧ್ಯಾಹ್ನದವರೆಗೆ 43 ಮೇಲ್ ದಾಟಿಸಿದ್ದು ಲಾಗಿನಲ್ಲಿ ಕಂಡಿತು. ದಾಟಿಸಲಿಕ್ಕೆ ಹೇಳದೇ ಇದ್ದಿದ್ದರೆ ಆ 43ರಲ್ಲಿ ಎಷ್ಟು ಬುಕಿಂಗ್ ಇತ್ತೋ.

ತೊಂದರೆ ಆದದ್ದು ಒಂದು ಲಾಡ್ಜಿನಲ್ಲಿ, ವಿಂಡೋಸ್ 7, ಔಟ್‌ಲುಕ್ 2010. ಆಲ್ಮಾ 9ರಲ್ಲಿ ಟಿಎಲ್ಎಸ್ (ಸಂಪರ್ಕವನ್ನು ಗುಟ್ಟಾಗಿಡುವ ವಿಧಾನ) 1.0, 1.1 ಎರಡೂ ಮುಚ್ಚಿವೆ, ಆ ಔಟ್‌ಲುಕ್‌ಗೆ 1.2 ಮಾತಾಡಲಿಕ್ಕೆ ಬರುವುದಿಲ್ಲ. ಅದಕ್ಕೊಂದು ವಿಂಡೋಸ್ ಅಪ್‌ಡೇಟ್ ಇದೆ, ಹಾಕಿದ ಮೇಲೆ ಸರಿಹೋಯಿತು. ಸರ್ವರಿನ ಭದ್ರತೆ ಸಡಿಲ ಮಾಡಿ ಅಂತ ಅವರ ಅಳಿಯ ಕೇಳಿದ. ಮಾಡಲಿಲ್ಲ, ಯಾಕೆ ಅಂತ ಕೂರಿಸಿ ಹೇಳಿದೆ.

ಹಳೇ ಎಚ್‌ಟಿಆಕ್ಸೆಸ್ (ಒಂದೊಂದು ಸೈಟಿನ ಅಪಾಚೆ ಸೆಟ್ಟಿಂಗ್) ಫೈಲುಗಳಲ್ಲಿ ಪಿಎಚ್‌ಪಿ ವ್ಯಾಲ್ಯೂ ಅಂತ ಸಾಲು ಇದ್ದ ಆರು ಸೈಟು 500 ಎರರ್ ಕೊಟ್ಟವು. ಹೊಸದರಲ್ಲಿ ಪಿಎಚ್‌ಪಿ ಎಫ್‌ಪಿಎಂನಲ್ಲಿ, ಅಂದರೆ ಅಪಾಚೆಯ ಹೊರಗೆ ಬೇರೆಯಾಗಿ, ಓಡುವುದರಿಂದ ಅಪಾಚೆಗೆ ಆ ಸಾಲು ಅರ್ಥ ಆಗುವುದಿಲ್ಲ. ಅದನ್ನು ಯೂಸರ್ ಐಎನ್‌ಐ ಫೈಲಿಗೆ ದಾಟಿಸಿದರೆ ಮುಗಿಯಿತು.

ಇನ್ನು ಮಾಸ್ತರರ ಪತ್ರಿಕೆ. ಬೈಟುಗಳನ್ನು ಇದ್ದ ಹಾಗೇ ಒಯ್ದೆ. ಚೆಕ್‌ಸಮ್ ಹಾಕಿ ನೋಡಿದೆ, ಪ್ರತಿ ಫೈಲೂ ತಾಳೆ. ಆದರೂ ಹೊಸ ಸರ್ವರಿನಲ್ಲಿ ಪುಟ ತೆರೆದರೆ ಬರೀ ವಜ್ರಗಳು. 2004ರ ಮೊದಲ ಸಂಚಿಕೆಯ ಸಂಪಾದಕೀಯ ಪೂರ್ತಿ, ಒಂದು ಅಕ್ಷರ ಓದಲಿಕ್ಕಾಗದು. ಫೈಲು ಸರಿ, ಫಾಂಟು ಸರಿ, ಮತ್ತೆ ಎಂತ? ರಾತ್ರಿ ಒಂದೂವರೆವರೆಗೆ ಕೂತೆ. ಕೊನೆಗೆ ತಂಗಿ ಎರಡೂ ಸರ್ವರಿನಿಂದ ಬರುವ ಹೆಡರ್ (ಪುಟದ ಮುಂದೆ ಬರುವ ಮಾಹಿತಿ) ಪಕ್ಕಪಕ್ಕ ಇಟ್ಟಳು. ಹೊಸದು 'ಇದು ಯುಟಿಎಫ್-8' ಅಂತ ಹೇಳಿ ಕಳಿಸುತ್ತಿತ್ತು, ಹಳೇದು ಏನೂ ಹೇಳುತ್ತಿರಲಿಲ್ಲ. ಪುಟದೊಳಗೆ ಏನೇ ಬರೆದಿರಲಿ, ಬ್ರೌಸರ್ ನಂಬುವುದು ಹೆಡರನ್ನು.

ಕಾರಣ ಎರಡು. ಪಿಎಚ್‌ಪಿ 5.6ರಿಂದ ಡೀಫಾಲ್ಟ್ ಚಾರ್‌ಸೆಟ್ ಯುಟಿಎಫ್-8, ನಮ್ಮ 5.4ರಲ್ಲಿ ಅದು ಖಾಲಿ. ಅಪಾಚೆಯ ಮುಖ್ಯ ಕಾನ್ಫಿಗಿನಲ್ಲೂ ಯುಟಿಎಫ್-8 ಅಂತ ಒಂದು ಸಾಲು ಬಂದೇ ಬರ್ತದೆ. ಅದನ್ನು ಹಳೇ ಸರ್ವರಿನಲ್ಲಿ ನಾನೇ ಯಾವತ್ತೋ ತೆಗೆದಿದ್ದೆ, ಪಕ್ಕದಲ್ಲಿ 'ಮಾಸ್ತರರ ಸಲುವಾಗಿ' ಅಂತ ಟಿಪ್ಪಣಿಯನ್ನೂ ಬರೆದಿದ್ದೆ. ವರ್ಚುವಲ್‌ಮಿನ್ ಬ್ಯಾಕಪ್ಪಿನಲ್ಲಿ ಗಿರಾಕಿಯ ಫೈಲು ಬರ್ತದೆ, ಸರ್ವರಿನ ಮುಖ್ಯ ಕಾನ್ಫಿಗ್ ಬರುವುದಿಲ್ಲ. ನನ್ನ ಟಿಪ್ಪಣಿ ಹಳೇ ಮನೆಯಲ್ಲೇ ಉಳಿದುಹೋಗಿತ್ತು. ಸಾಗಿಸುವವರು ಯಾರೇ ಇರಲಿ, ಮೊದಲು ಹಳೇ ಸರ್ವರಿನ ಇಟಿಸಿ (ಸೆಟ್ಟಿಂಗುಗಳಿರುವ) ಫೋಲ್ಡರನ್ನು ಹೊಸದಾಗಿ ಹಾಕಿದ ಅದೇ ಆವೃತ್ತಿಯ ಫೋಲ್ಡರಿನ ಜೊತೆ ಡಿಫ್ ಹಾಕಿ ನೋಡಿ. ವರ್ಷಗಟ್ಟಲೆ ನೀವು ಕೈಯಾರೆ ಮಾಡಿದ್ದೆಲ್ಲ ಅಲ್ಲಿ ಸಿಗ್ತದೆ. ನಾನು ಇದನ್ನು ಮೊದಲೇ ಮಾಡಬೇಕಿತ್ತು.

ಆ ಒಂದು ಸೈಟಿಗೆ ಮಾತ್ರ ಅಪಾಚೆಯ ಸಾಲನ್ನು ಆಫ್ ಮಾಡಿ, ಯೂಸರ್ ಐಎನ್‌ಐನಲ್ಲಿ ವಿಂಡೋಸ್-1252 ಅಂತ ಬರೆದೆ. ಪುಟ ತೆರೆದರೆ ಸಂಪಾದಕೀಯ ಬಂತು. ಬೆಳಿಗ್ಗೆ ಮಾಸ್ತರರ ಮನೆಗೆ ಹೋಗಿ ಅವರದೇ ಕಂಪ್ಯೂಟರಿನಲ್ಲಿ ತೋರಿಸಿದೆ. ಅವರು ಒಂದೊಂದೇ ಸಂಚಿಕೆ ತೆರೆದು ನೋಡುತ್ತಾ ಹೋದರು. ನಾನು ಚಾ ಕುಡಿದು ಮುಗಿಸಿದರೂ ಅವರದು ಮುಗಿದಿರಲಿಲ್ಲ. 2009ಕ್ಕೆ ಬಂದಾಗ ನಿಂತು, 'ತಮಾ, ಎರಡು ಸಂಚಿಕೆ ಸರಿ ಇಲ್ಲೆ' ಅಂದರು. ಅವರು ಹೇಳಿದ್ದು ನಿಜ. ಆ ಎರಡನ್ನು ಯಾರೋ ಯಾವಾಗಲೋ ಅರ್ಧ ಯೂನಿಕೋಡಿಗೆ ತಿರುಗಿಸಿ ಉಳಿಸಿದ್ದಾರೆ. ಒಂದೇ ಪುಟದಲ್ಲಿ ಎರಡೂ ಬಗೆಯ ಅಕ್ಷರ. ಹಳೇ ಸರ್ವರಿನಲ್ಲೂ ಅದು ಹಾಗೇ ಇತ್ತಂತೆ, ನಿನಗೆ ತೊಂದರೆ ಯಾಕೆ ಅಂತ ಅವರು ಇಷ್ಟು ವರ್ಷ ಹೇಳಿರಲಿಲ್ಲ.

ಅದೇ ಆ 118ನೇ ಸೈಟು. ಅದನ್ನು ಇನ್ನೂ ಹಳೇ ಸರ್ವರಿನಿಂದಲೇ ತೋರಿಸುತ್ತಿದ್ದೇನೆ. ಡಿಸೆಂಬರ್ 15ರವರೆಗೆ ಅದರ ಬಾಡಿಗೆ ಕಟ್ಟಿದ್ದೇನೆ. ಅಘನಾಶಿನಿ ಅಕ್ಕ, ಅರ್ಕಾವತ್ತು ಸರಿಮಾಡುವ ನಿಮ್ಮ ಸ್ಕ್ರಿಪ್ಟು ಕಳಿಸಿಕೊಡಿ. ಅದು ಎಡವಿದ ಕಡೆ ಹೇಳಿ, ನಾನು ಓದಿ ಬರೆಸುತ್ತೇನೆ ಅಂತ ಮಾಸ್ತರರು ಒಪ್ಪಿದ್ದಾರೆ. ಅವರ ಹತ್ತಿರ ಎರಡೂ ಸಂಚಿಕೆಯ ಮುದ್ರಿತ ಪ್ರತಿ ಇದೆ.